ಪಿಚರ್ ಕವನಾ ಬರೆದುಕೊಟ್ಟ ಕಾಗದ

ಚಂದ್ರಾ ಲೇಔಟ್‌ನ ಕವನಾ ಸಾಫ್ಟ್‌ಬಾಲ್ ಆಡುತ್ತಾಳೆ ಎಂದರೆ "ಅದ್ಯಾವ ಆಟ?" ಎಂದು ಕೇಳದವರೇ ಇರಲಿಲ್ಲ. ಬೇಸ್‌ಬಾಲ್‌ನ ತಂಗಿ ಎಂದು ಮೊದಮೊದಲು ಹೇಳುತ್ತಿದ್ದಳು, ಆಮೇಲೆ ಹೇಳುವುದನ್ನೇ ಬಿಟ್ಟಳು. ಅವಳು ಪಿಚರ್. ತೋಳನ್ನು ಒಂದು ಸುತ್ತು ಬೀಸಿ ಸೊಂಟದ ಮಟ್ಟದಿಂದ ಚೆಂಡು ಬಿಟ್ಟಳೆಂದರೆ, ಎದುರಿನವಳು ಬ್ಯಾಟು ಬೀಸುವಷ್ಟರಲ್ಲಿ ಅದು ಹಿಂದೆ ಕೂತ ಕ್ಯಾಚರ್‌ನ ಗ್ಲೌಸು ಸೇರಿರುತ್ತಿತ್ತು.

ಹನ್ನೊಂದು ವರ್ಷ ಜಿಲ್ಲಾ ತಂಡಕ್ಕೆ ಎಸೆದಳು. ಟೂರ್ನಿಗೆಂದು ರಜೆ ಕೇಳಿ ರಾಜಾಜಿನಗರದಲ್ಲಿ ಎರಡು ಅಂಗಡಿಯ ಕೆಲಸ ಕಳೆದುಕೊಂಡಳು. ರಾಜ್ಯ ತಂಡದ ಶಿಬಿರಕ್ಕೆ ನಾಲ್ಕು ಸಲ ಹೋಗಿದ್ದಳು. ನಾಲ್ಕು ಸಲವೂ ಕೊನೆಯ ಪಟ್ಟಿಯಲ್ಲಿ ಹೆಸರಿರಲಿಲ್ಲ.

ಹೋದ ವರ್ಷ ಐದನೇ ಸಲ. ಆಯ್ಕೆಗೆಂದು ಎರಡು ದಿನದಲ್ಲಿ ನಾಲ್ಕು ಪಂದ್ಯ. ಎರಡನೆಯದು ಮುಗಿಯುವಾಗಲೇ ಅವಳ ಭುಜ ಊದಿಕೊಂಡಿತ್ತು. "ಇನ್ನೆರಡೇ ಮ್ಯಾಚು ಕಣಮ್ಮ. ಲಿಸ್ಟಲ್ಲಿ ನಿನ್ನ ಹೆಸರು ಇದ್ದಂಗೇ" ಎಂದ ರಾಜ್ಯ ಸಾಫ್ಟ್‌ಬಾಲ್ ಸಂಘದ ಕಾರ್ಯದರ್ಶಿ ಮಧ್ವೇಶ್. ಐಸು ಕಟ್ಟಿಕೊಂಡು, ಹಲ್ಲು ಕಚ್ಚಿ ಎಸೆದಳು. ನಾಲ್ಕೂ ಪಂದ್ಯ ಅವಳ ತಂಡವೇ ಗೆದ್ದಿತು.

ಸೋಮವಾರ ಪಟ್ಟಿ ಬಂತು. ಪಿಚರ್ ಜಾಗದಲ್ಲಿ ಮಧ್ವೇಶನ ಅಣ್ಣನ ಮಗಳು! ಆ ಹುಡುಗಿ ಎರಡೂ ದಿನ ಬೆಂಚಿನಿಂದ ಎದ್ದಿರಲಿಲ್ಲ.

ಕವನಾ ನೇರ ಸಂಘದ ಕಚೇರಿಗೆ ನುಗ್ಗಿದಳು. ಮಧ್ವೇಶ್ ಒಂದು ಕಾಗದ ಮುಂದೆ ಸರಿಸಿದ. 'ಭುಜದ ನೋವಿನಿಂದಾಗಿ ನಾನೇ ಹಿಂದೆ ಸರಿಯುತ್ತಿದ್ದೇನೆ' ಎಂದು ಮೊದಲೇ ಟೈಪಾಗಿತ್ತು.

"ನಾನ್ ಯಾವಾಗ ಸಾರ್ ಹಿಂದೆ ಸರಿದೆ?"

"ಫಾರ್ಮಾಲಿಟಿ ಅಷ್ಟೇ. ಸೈನ್ ಹಾಕು, ಮುಂದಿನ ವರ್ಷ ನೋಡೋಣ."

"ಭುಜ ಹಾಳ್ ಮಾಡಿದ್ದು ನೀವು. ಜಾಗ ಕಿತ್ಕೊಂಡಿದ್ದೂ ನೀವು. ಸುಳ್ಳು ಮಾತ್ರ ನಾನ್ ಹೇಳ್ಬೇಕಾ?"

ಹೊರಗೆ ಕೂತವರಿಗೂ ಕೇಳಲಿ ಎಂದೇ ಕೂಗಿದಳು. ಆಮೇಲೆ ಪೆನ್ನು ಎತ್ತಿಕೊಂಡು ಟೈಪಾದ ಸಾಲನ್ನು ಹೊಡೆದುಹಾಕಿ, 'ನಾನು ಹಿಂದೆ ಸರಿದಿಲ್ಲ. ನನ್ನನ್ನು ತೆಗೆದುಹಾಕಿದ್ದಾರೆ' ಎಂದು ದಪ್ಪಕ್ಷರದಲ್ಲಿ ಬರೆದು ಸಹಿ ಹಾಕಿದಳು. ಫೋಟೋ ತೆಗೆದು ಆಟಗಾರ್ತಿಯರ ಗ್ರೂಪಿಗೆ ಕಳಿಸಿದಳು.

ಅಶಿಸ್ತಿನ ಹೆಸರಲ್ಲಿ ಎರಡು ವರ್ಷ ನಿಷೇಧ ಬಿತ್ತು.

"ಅವ್ರು ಹೇಳ್ದಂಗೆ ಒಂದು ಸೈನ್ ಹಾಕಿದ್ರೆ ಏನಾಗ್ತಿತ್ತೇ?" ಎಂದರು ತಾಯಿ ಜ್ಯೋತಿಲಕ್ಷ್ಮಿ.

"ಹನ್ನೊಂದು ವರ್ಷಾನ ನನ್ ಕೈಯಾರೆ ಅಳಿಸ್ಬೇಕಿತ್ತಾ ಅಮ್ಮ?" ಎಂದು ಅರ್ಧ ಊಟಕ್ಕೇ ಎದ್ದಳು.

ಭುಜದ ಸ್ನಾಯು ಹರಿದಿದೆ, ಇನ್ನು ಎಸೆಯುವಂತಿಲ್ಲ ಎಂದರು ಡಾಕ್ಟರು. ಕವನಾಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಆ ವಾರವೇ ಗ್ರೂಪಿನಲ್ಲಿ ಕೆಂಗೇರಿಯ ರಂಜಿನಿ ಬರೆದಳು: "ಅಕ್ಕ, ನನ್ ಹತ್ರಾನೂ ಇಂಥದ್ದೇ ಸೈನ್ ಹಾಕಿಸ್ಕೊಂಡ್ರು." ಮತ್ತಿಬ್ಬರೂ ಹಾಗೆಯೇ ಬರೆದರು. ನಾಲ್ವರೂ ಸೇರಿ ಸರ್ಕಾರದ ಕ್ರೀಡಾ ಇಲಾಖೆಗೆ ದೂರು ಕೊಟ್ಟರು. ವಿಚಾರಣೆ ಇನ್ನೂ ನಡೆದಿಲ್ಲ. ಮಧ್ವೇಶ್ ಅದೇ ಕುರ್ಚಿಯಲ್ಲಿದ್ದಾನೆ. ಇವರು ತಿಂಗಳಿಗೊಮ್ಮೆ ಒಟ್ಟಿಗೆ ಹೋಗಿ, ವಿಚಾರಣೆ ಯಾವಾಗ ಎಂದು ಕೇಳಲು ಅಲ್ಲಿನ ಅಧಿಕಾರಿಯ ಮುಂದೆ ನಿಲ್ಲುತ್ತಾರೆ. ಮಾತಾಡುವವಳು ಕವನಾ, ಅದೂ ಸಣ್ಣ ದನಿಯಲ್ಲಲ್ಲ.