ನೀರಾ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ

ಟ್ಯಾಂಕಿನ ಮುಚ್ಚಳ ತೆರೆದಿಟ್ಟು ಹೋಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹದಿನೇಳು ವರ್ಷದಿಂದ ಈ ಗಲ್ಫ್ ದೇಶದ ಕಟ್ಟಡಗಳ ತಾರಸಿ ಹತ್ತಿ, ನೀರಿನ ಟ್ಯಾಂಕಿನೊಳಗೆ ಇಳಿದು ತೊಳೆಯುವುದೇ ನನ್ನ ಕೆಲಸ. ಪಾರಿವಾಳದ ಗರಿ, ಮರಳು, ಒಮ್ಮೆ ಯಾರದೋ ಒಂಟಿ ಚಪ್ಪಲಿ, ಎಲ್ಲವನ್ನೂ ತೆಗೆದಿದ್ದೇನೆ. ಕೆಸರು ಬಳಿದು, ಉಜ್ಜಿ, ಕ್ಲೋರಿನ್ ಬಿಟ್ಟು, ಮುಚ್ಚಳ ಬಿಗಿದು ಬೀಗ ಹಾಕಿದ ಮೇಲೆಯೇ ಖಲಾಸ್. ಮೊದಲ ಹನ್ನೆರಡು ವರ್ಷ ಮುಸಫ್ಫಾದ ಕೆಲಸಗಾರರ ಕ್ಯಾಂಪಿನಲ್ಲಿ ಆರು ಮಂದಿಯ ಕೋಣೆಯಲ್ಲಿದ್ದೆ. ಸೂಪರ್‌ವೈಸರ್ ಆದ ಮೇಲೆ ದುಬೈಗೆ ಬಂದು ಅಲ್ ನಹ್ದಾದಲ್ಲಿ ಸಣ್ಣದೊಂದು ಫ್ಲಾಟ್ ಹಿಡಿದೆ. ಹಿಡಿದದ್ದು ಹೆಂಡತಿ ಬರುತ್ತಾಳೆಂದು. ಆ ಫ್ಲಾಟಿಗೆ ಬೇರೆ ಕಾರಣ ಇರಲಿಲ್ಲ.

ಆದರೆ ನನಗೆ ಫ್ಲಾಟ್ ಸಿಗುವ ಹೊತ್ತಿಗೆ ಊರಿನಲ್ಲಿ ಅವಳಿಗೂ ಒಂದು ಟ್ಯಾಂಕ್ ಸಿಕ್ಕಿತ್ತು. ಮಗಳು ನರ್ಸಿಂಗ್ ಓದಲು ಹಾಸ್ಟೆಲ್ ಸೇರಿದ ವರ್ಷ, ನಮ್ಮೂರಿನಲ್ಲಿ ಮರ ಹತ್ತಿ ಕಳ್ಳಿಳಿಸುವ ಮೂರ್ತೆಯವರು ಹತ್ತು ಮಂದಿ ಸೇರಿ ನೀರಾ ಸಂಗ್ರಹ ಶುರು ಮಾಡಿದರು. ತೆಂಗಿನ ಹೊಂಬಾಳೆ ಕೊಯ್ದು ಇಳಿಸುವ ಸಿಹಿ ರಸವೇ ನೀರಾ. ಸ್ವಲ್ಪ ಬೆಚ್ಚಗಾದರೆ, ಪಾತ್ರೆಯಲ್ಲಿ ಹಿಂದಿನ ದಿನದ ಹನಿ ಉಳಿದಿದ್ದರೆ, ಹುಳಿ ಹತ್ತಿ ಕಳ್ಳಾಗಿಬಿಡುತ್ತದೆ. ಮರದಿಂದ ಬಂದದ್ದನ್ನು ಸುರಿಯುವ ಸ್ಟೀಲ್ ಟ್ಯಾಂಕ್ ನೋಡಿಕೊಳ್ಳುವ ಕೆಲಸ ಅವಳದ್ದು. ದಿನಾ ಕುದಿಯುವ ನೀರಿನಲ್ಲಿ ಮೂರು ಸಲ ತೊಳೆಯಬೇಕು. ಸೋಪು ಕೂಡದು. ಬಿಸಿಲಿಗೆ ಬಾಯಿ ಕೆಳಗೆ ಮಾಡಿ ಒಣಗಿಸಿ, ಆಮೇಲೆ ಇರುವೆ, ಜೇನ್ನೊಣ ಬೀಳದಂತೆ ಬಿಳಿ ಬಟ್ಟೆ ಕಟ್ಟಿ ಮುಚ್ಚಳ ಇಡಬೇಕು.

ಸಂಜೆ ಫೋನಿನಲ್ಲಿ ನಮಗೆ ಬೇರೆ ಮಾತೇ ಇರುತ್ತಿರಲಿಲ್ಲ. ನಾನು ನನ್ನ ಟ್ಯಾಂಕಿನ ಕಥೆ ಹೇಳಿದರೆ ಅವಳು ತನ್ನದು ಹೇಳುತ್ತಿದ್ದಳು.

"ನಿಮ್ಮದು ಎಂತ ದೊಡ್ಡ ಕೆಲಸ ಮಾರಾಯ್ರೆ? ವರ್ಷಕ್ಕೆರಡು ಸಲ ತೊಳೆದ್ರೆ ಆಯ್ತು. ನನ್ನದು ದಿನಾ ಉಂಟು" ಎಂದು ಛೇಡಿಸುತ್ತಿದ್ದಳು. ಅವಳ ದನಿಯಲ್ಲಿ ಒಂದು ಗತ್ತು ಬಂದಿತ್ತು. ಅದನ್ನು ಕೇಳಲಿಕ್ಕೇ ನಾನು ಸಂಜೆಗೆ ಕಾಯುತ್ತಿದ್ದೆ.

ಕಳೆದ ವರ್ಷ ರಜೆಯಲ್ಲಿ ಊರಿಗೆ ಹೋದಾಗ ಎಲ್ಲ ತೀರ್ಮಾನವಾಗಿತ್ತು. ವಾಪಸ್ ಬರುವಾಗ ಅವಳೂ ನನ್ನ ಜೊತೆ ಬರುವುದು, ಮೊದಲು ವಿಸಿಟ್ ವೀಸಾ, ಒಗ್ಗಿದರೆ ಆಮೇಲೆ ಫ್ಯಾಮಿಲಿ ವೀಸಾ. ಟಿಕೆಟ್ ಆಗಿತ್ತು. ಹೊರಡಲು ನಾಲ್ಕು ದಿನ ಇರುವಾಗ ಅವಳು ಹೇಳಿಬರಲೆಂದು ತವರಿಗೆ ಹೋದಳು. ಮನೆಯಲ್ಲಿ ಕೂತು ನನಗೆ ಹೊತ್ತು ಹೋಗಲಿಲ್ಲ. ಅವಳು ಬರುವುದರೊಳಗೆ ಟ್ಯಾಂಕ್ ತೊಳೆದಿಟ್ಟು ಬೆರಗುಗೊಳಿಸುತ್ತೇನೆ ಎಂದು ನೀರಾ ಶೆಡ್ಡಿಗೆ ಹೋದೆ.

ಟ್ಯಾಂಕನ್ನು ಅವಳು ಹೊರಡುವ ಮೊದಲೇ ತೊಳೆದಿದ್ದಳು. ಆದರೆ ನಾನು ದುಬೈಯವನಲ್ಲವೇ, ಬರೇ ಬಿಸಿನೀರಿಗೆ ತೃಪ್ತಿಯಾಗುತ್ತದೆಯೇ? ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿ ತಂದು, ಕಲಸಿ, ಒಳಗೆಲ್ಲ ಗಸಗಸ ಉಜ್ಜಿದೆ. ತಣ್ಣೀರು ಹೊಯ್ದೆ. ಒದ್ದೆ ಆರುವ ಮೊದಲೇ ಮುಚ್ಚಳ ಒತ್ತಿ ಬಿಗಿದೆ. ಇಷ್ಟು ವರ್ಷ ಕಲಿತ ವಿದ್ಯೆಯನ್ನೆಲ್ಲ ಅಲ್ಲಿ ತೋರಿಸಿದೆ. ಅವಳು ಕತ್ತಲಾಗುವಾಗ ಬಂದಳು. ನಾನು ಬಾಯಿ ಬಿಡಲಿಲ್ಲ, ಬೆಳಿಗ್ಗೆ ಅವಳೇ ನೋಡಲಿ ಎಂದು.

ಬೆಳಿಗ್ಗೆ ನಾನು ಏಳುವ ಮೊದಲೇ ಮೂರ್ತೆಯವರು ತಂದು ಸುರಿದಾಗಿತ್ತು. ಎದ್ದು ಶೆಡ್ಡಿಗೆ ಹೋದರೆ, ಅವರಲ್ಲಿ ಹಿರಿಯರೊಬ್ಬರು ಒಂದು ಲೋಟ ತೆಗೆದು ಬಾಯಿಗಿಟ್ಟು ತುಪಕ್ಕನೆ ಉಗುಳಿದರು.

"ಆಸ್ಪತ್ರೆ ವಾಸನೆ. ಇದನ್ನು ಕುಡೀಲಿಕ್ಕುಂಟಾ? ಯಾರು ತೊಳೆದದ್ದು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ, "ನಾನೇ" ಎಂದಳು. ನನ್ನ ಕಡೆ ಒಮ್ಮೆ ನೋಡಿದಳು, ಅಷ್ಟೆ. ಹತ್ತು ಜನ ಹತ್ತಿಳಿದು ತಂದ ರಸವನ್ನು ತೆಂಗಿನ ಬುಡಕ್ಕೆ ಚೆಲ್ಲಿದರು. ನಾನು, ಟ್ಯಾಂಕಿನ ಪಂಡಿತ, ಕೈಕಟ್ಟಿ ನಿಂತು ನೋಡಿದೆ. ನನ್ನಂಥ ಹೇಡಿ ಮತ್ತೊಬ್ಬನಿಲ್ಲ.

ಮೂರು ದಿನ ಅವಳು ಟ್ಯಾಂಕಿಗೆ ಕುದಿನೀರು ಹೊಯ್ದಳು, ಬಿಸಿಲಿಗಿಟ್ಟಳು, ಮೂಗು ಹಾಕಿ ನೋಡಿದಳು. ಮೂರನೇ ಸಂಜೆ ಹೇಳಿದಳು:

"ನನಗೀಗ ಬರ್ಲಿಕ್ಕಾಗುದಿಲ್ಲ. ಟ್ಯಾಂಕ್ ಹಾಳು ಮಾಡಿ ದುಬೈಗೆ ಹಾರಿದ್ಲು ಅಂತ ಹೇಳ್ಬಾರ್ದಲ್ಲ."

"ನಾನು ಹೋಗಿ ನಿಜ ಹೇಳ್ತೇನೆ."

"ಬೇಡ. ಹೊರಗಿನವರನ್ನು ಟ್ಯಾಂಕ್ ಮುಟ್ಲಿಕ್ಕೆ ಬಿಟ್ಟೆ ಅಂತಾಗ್ತದೆ. ನೀವು ಸುಮ್ಮನಿರಿ."

ಹೊರಗಿನವರು ಎಂದರೆ ನಾನು. ವಿಮಾನದಲ್ಲಿ ಪಕ್ಕದ ಸೀಟಿನಲ್ಲಿ ಯಾರೋ ಕೂತು ದಾರಿಯುದ್ದಕ್ಕೂ ಗೊರಕೆ ಹೊಡೆದರು.

ಆಮೇಲಿನ ಎಂಟು ತಿಂಗಳು ಆ ಫ್ಲಾಟಿನಲ್ಲಿ ಹೇಗೆ ಕಳೆದೆನೋ. ಕ್ಯಾಂಪಿನಲ್ಲಿ ಆರು ಮಂದಿಯ ಗಲಾಟೆಯಲ್ಲಿ ಅವಳ ನೆನಪು ಇಷ್ಟು ಕಾಡಿರಲಿಲ್ಲ. ಇಲ್ಲಿ ಒಂದು ಲೋಟ ತೊಳೆದಿಟ್ಟರೆ ಮರುದಿನವೂ ಅದು ಅಲ್ಲೇ ಇರುತ್ತಿತ್ತು. ಕೆಳಗೆ ಪಾರ್ಕಿಂಗಿನಲ್ಲಿ ಗಂಡಹೆಂಡತಿ ಸಾಮಾನಿನ ಚೀಲ ಹಿಡಿದು ಜಗಳಾಡುತ್ತಾ ಹೋಗುವುದನ್ನು ಕಂಡರೆ ಹೊಟ್ಟೆಕಿಚ್ಚಾಗುತ್ತಿತ್ತು. ಅವಳು ಬೇಕಿತ್ತು ನನಗೆ. ಫೋನಿನಲ್ಲಿ ಅಲ್ಲ, ಎದುರಿಗೆ.

ನನ್ನ ತಪ್ಪು ಅವಳನ್ನು ಅಲ್ಲಿ ಕಟ್ಟಿಹಾಕಿದೆ, ನಿಜ ಹೇಳಿದರೆ ಅವಳು ಹೊರಟು ಬರಬಹುದು ಎಂಬುದೊಂದೇ ತಲೆಯಲ್ಲಿ. ಒಂದು ಶುಕ್ರವಾರ ಅವಳಿಗೆ ಹೇಳದೆ ಆ ಹಿರಿಯರಿಗೆ ಫೋನ್ ಮಾಡಿದೆ. ಬ್ಲೀಚಿಂಗ್ ಹಾಕಿದ್ದು ನಾನು, ಅವಳ ತಪ್ಪೇನೂ ಇಲ್ಲ ಎಂದೆ.

ಅವರು ನಕ್ಕರು. "ಅದು ಆವತ್ತೇ ಗೊತ್ತಿತ್ತು ಮಾರಾಯ. ನೀನು ಹತ್ತಿರ ಬಂದು ನಿಂತಾಗ ನಿನ್ನ ಕೈಯಿಂದಲೂ ಅದೇ ವಾಸನೆ ಬರ್ತಿತ್ತು. ಮರುದಿನವೇ ಅವಳಿಗೆ ಹೇಳಿದೆ, ಆದದ್ದಾಯ್ತು, ನೀನು ಗಂಡನ ಜೊತೆ ಹೋಗಿ ಬಾ, ಟ್ಯಾಂಕ್ ನನ್ನ ಹೆಂಡತಿ ನೋಡ್ತಾಳೆ ಅಂತ."

"ಅವಳು ಎಂತ ಹೇಳಿದ್ಲು?"

"ಇಲ್ಲ, ನಾನೇ ನೋಡ್ತೇನೆ ಅಂದ್ಲು."

ಫೋನ್ ಇಟ್ಟ ಮೇಲೆ ಕೋಪ ಬಂತು. ಕೋಪ ಇಳಿದ ಮೇಲೆ ಲೆಕ್ಕ ಹಾಕಿದೆ. ಪ್ರತಿ ಸಲವೂ ಅವಳು "ಈ ವರ್ಷ ಊರಿಗೇ ಬಂದುಬಿಡಿ" ಎಂದಾಗ, "ಈ ವರ್ಷ ಟ್ಯಾಂಕಿನ ಕೆಲಸ ಜಾಸ್ತಿ ಉಂಟು" ಎಂದವನು ನಾನೇ. ಅವಳು ಒಮ್ಮೆಯೂ ಜಗಳ ಮಾಡಿರಲಿಲ್ಲ.

ಸಂಜೆ ಅವಳ ಫೋನ್ ಬಂತು.

"ಎಂತ ಮಾಡ್ತಿದ್ದೀರಿ?"

"ಕಪಾಟು ಸರಿ ಮಾಡ್ತಿದ್ದೇನೆ. ನಿನ್ನ ಸೀರೆಗೆ ಅಂತ ಒಂದು ಬದಿ ಖಾಲಿ ಬಿಟ್ಟಿದ್ದೆ. ಅಲ್ಲಿ ನನ್ನ ಅಂಗಿ ಇಡ್ತಿದ್ದೇನೆ."

ಯಾರು ಹೇಳಿದರು, ಯಾಕೆ ಎಂದು ಅವಳು ಕೇಳಲಿಲ್ಲ.

"ಮಡಚಿ ಇಡಿ, ತುರುಕ್ಬೇಡಿ" ಎಂದಳು.