ಹೊರದಾರಿಯ ಬಿದಿರು

ನಾವು ಕಲ್ಕತ್ತಕ್ಕೆ ವರ್ಗವಾಗಿ ಬಂದು ಕಾಳಿಘಾಟ್‌ ಹತ್ತಿರದ ಓಣಿಯಲ್ಲಿ ಬಾಡಿಗೆಗೆ ಮನೆ ಹಿಡಿದಾಗ, ದುರ್ಗಾಪೂಜೆಯ ದಿನಗಳಲ್ಲಿ ಅದು ನಮ್ಮ ಮನೆಯಾಗಿ ಉಳಿಯುವುದಿಲ್ಲ ಎಂದು ಯಾರೂ ಹೇಳಲಿಲ್ಲ. ಮನೆ ತೋರಿಸಿದವನು ಗಾಳಿ ಚೆನ್ನಾಗಿದೆ, ನೀರು ಚೆನ್ನಾಗಿದೆ, ನಮ್ಮ ಯಜಮಾನರ ಬ್ಯಾಂಕಿಗೆ ಟ್ರಾಮ್ ಹತ್ತಿರ ಎಂದೆಲ್ಲ ಹೊಗಳಿದ. ಓಣಿಯ ಆ ತುದಿಯಲ್ಲಿದ್ದ ಸಣ್ಣ ಪಾರ್ಕನ್ನು ತೋರಿಸಿ, ಇಲ್ಲಿ ನಮ್ಮ ಪಾಡಾದ ಪೂಜೆ ನಡೆಯುತ್ತದೆ ಎಂದು ಎದೆಯುಬ್ಬಿಸಿ ಹೇಳಿದ. ಪಾಡಾ ಎಂದರೆ ಕೇರಿ. ಕೇರಿಯ ಪೂಜೆ ಎಂದರೆ ಎಷ್ಟು ದೊಡ್ಡದಿರಬಹುದು ಎಂದು ನಾನೂ ಸಂತೋಷಪಟ್ಟೆ.

ಪೂಜೆಗೆ ಕೆಲವು ದಿನ ಇರುವಾಗ ಲಾರಿ ತುಂಬ ಬಿದಿರು ಬಂತು. ಪೆಂಡಾಲು ಹಾಕುವ ಡೆಕೊರೇಟರ್‌ನ ಆಳುಗಳು ಓಣಿಯ ಎರಡೂ ಬದಿಗೆ ಗುಂಡಿ ತೋಡಿ ಗಳ ನೆಟ್ಟರು, ಅಡ್ಡಕ್ಕೆ ಬಿದಿರು ಇಟ್ಟು ಸೆಣಬಿನ ಹುರಿಯಿಂದ ಬಿಗಿದರು. ಸಂಜೆಯ ಹೊತ್ತಿಗೆ ನಮ್ಮ ಬಾಗಿಲಿಗೂ ರಸ್ತೆಗೂ ನಡುವೆ ಸೊಂಟದೆತ್ತರದ ಬೇಲಿ. ಗೋಡೆಗೂ ಬೇಲಿಗೂ ನಡುವೆ ಒಬ್ಬರು ಅಡ್ಡಡ್ಡಲಾಗಿ ನುಸುಳುವಷ್ಟು ಜಾಗ, ಅದು ಓಣಿಯವರು ರಸ್ತೆಗೆ ಹೋಗಿಬರಲು, ಪಾರ್ಕಿನ ಕಡೆ ಮುಚ್ಚಿತ್ತು. ನಡುವಿನ ಅಗಲ ದಾರಿ ದೇವಿಯನ್ನು ನೋಡಿ ಹೊರಗೆ ಬರುವವರಿಗೆ. ಜನ ದೊಡ್ಡ ರಸ್ತೆಯ ಕಡೆಯಿಂದ ಒಳಗೆ ಹೋಗಬೇಕು, ನಮ್ಮ ಓಣಿಯಿಂದ ಹೊರಗೆ ಬರಬೇಕು. ನಮ್ಮ ಮೆಟ್ಟಿಲಿನ ಎದುರಿನ ಗಳಕ್ಕೇ ‘ಹೊರದಾರಿ’ ಎಂಬ ಹಲಗೆ ಹೊಡೆದರು. ಆ ಗಳದ ಬುಡದಲ್ಲಿ ಎದೆಗೆ ರಿಬ್ಬನ್ ಚುಚ್ಚಿಕೊಂಡು, ಬಾಯಲ್ಲಿ ಸೀಟಿ ಇಟ್ಟುಕೊಂಡು ಒಬ್ಬ ಸ್ವಯಂಸೇವಕ ನಿಂತ. ಅವನ ಕೆಲಸ ಒಂದೇ. ಈ ದಾರಿಯಿಂದ ಯಾರೂ ಒಳಗೆ ಹೋಗಬಾರದು.

ವರ್ಷವೆಲ್ಲ ಕರೆಂಟಿಲ್ಲದೆ ಬೀಸಣಿಗೆ ಬೀಸಿಕೊಂಡು ಕೂರುತ್ತಿದ್ದ ಊರು ಅದು. ಬಸ್ಸಿಗೆ ಸಾಲು ನಿಲ್ಲಿ ಎಂದರೆ ನಗುತ್ತಿದ್ದ ಊರು. ಎಡರಂಗದ ಸರ್ಕಾರ ಬಂದು ವರ್ಷಗಳಾಗಿದ್ದವು, ಬಂದ್ ಎಂದರೆ ಬಂದ್, ಮೆರವಣಿಗೆ ಎಂದರೆ ಮೆರವಣಿಗೆ, ಮಿಕ್ಕ ಯಾವುದಕ್ಕೂ ಹೊತ್ತುಗೊತ್ತಿರಲಿಲ್ಲ. ಅಂಥ ಊರಿಗೆ ಪೂಜೆ ಬಂದರೆ ಸಾಕು, ಎಲ್ಲಿಂದಲೋ ಶಿಸ್ತು ಬಂದುಬಿಡುತ್ತಿತ್ತು. ಆ ಶಿಸ್ತೆಲ್ಲ ಬಂದು ಕೂರುತ್ತಿದ್ದುದು ನನ್ನ ಬಾಗಿಲಿನ ಎದುರಿಗೇ. ಹಾಲು ತರಲು ಹೋದರೆ ಸೀಟಿ, ಕಸ ಹಾಕಲು ಹೋದರೆ ಸೀಟಿ. ‘ನಿಲ್ಲಬೇಡಿ, ಮುಂದೆ ಹೋಗಿ’ ಎಂದು ಮೈಕು ಹಗಲಿಡೀ ಅರಚುತ್ತಿತ್ತು. ನಾನು ಅಡುಗೆಮನೆಯಲ್ಲಿ ನಿಂತರೂ ಯಾರೋ ನನಗೇ ಹೇಳಿದಂತೆ ಕೇಳುತ್ತಿತ್ತು.

ನನ್ನ ಪಾಡಿಗೆ ನಾನು ಗೊಣಗಿಕೊಂಡು ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಮನೆಯಲ್ಲಿ ಅತ್ತೆ ಇದ್ದರು.

ಅತ್ತೆ ಕುಂದಾಪುರದ ಕಡೆಯವರು. ಮಾವ ಹೋದ ಮೇಲೆ ನಮ್ಮ ಜೊತೆ ಇರಲು ಬಂದಿದ್ದರು. ನವರಾತ್ರಿಯಲ್ಲಿ ಒಂದು ದಿನವಾದರೂ ಅಮ್ಮನನ್ನು ಕಣ್ಣಾರೆ ಕಂಡು, ಕೈಯಾರೆ ಕಟ್ಟಿದ ಹೂ ಒಪ್ಪಿಸಿ ಬರಬೇಕು ಎಂಬುದು ಅವರು ಮದುವೆಯಾದಂದಿನಿಂದ ನಡೆಸಿಕೊಂಡು ಬಂದ ವ್ರತ. ಊರಿನಲ್ಲಿ ಅದು ತಪ್ಪಿದ್ದಿಲ್ಲ. ಇಲ್ಲಿ ದೇವಿ ಓಣಿಯ ತುದಿಯಲ್ಲೇ ಇದ್ದಳು. ಡೋಲಿನ ಸದ್ದಿಗೆ ನಮ್ಮ ಲೋಟಗಳು ನಡುಗುತ್ತಿದ್ದವು, ಮಂತ್ರ ಅಕ್ಷರ ಅಕ್ಷರವಾಗಿ ಕೇಳುತ್ತಿತ್ತು. ನೋಡಲು ಮಾತ್ರ ಆಗುತ್ತಿರಲಿಲ್ಲ.

ಮೊದಲ ವರ್ಷ ನಾವು ಸೀದಾ ಹೊರದಾರಿಯಿಂದಲೇ ಹೊರಟೆವು. ಸೀಟಿ ಊದಿದ ಸ್ವಯಂಸೇವಕ ಕೈ ಅಡ್ಡ ಹಿಡಿದ. ಇದು ನಮ್ಮದೇ ಓಣಿ, ಇದು ನಮ್ಮದೇ ಮನೆ ಎಂದು ನನ್ನ ಹರಕು ಬಂಗಾಳಿಯಲ್ಲಿ ವಾದಿಸಿದೆ. ಅವನು ಅತ್ತೆಗೆ ಕೈಮುಗಿದು, ಚಿಕ್ಕಮ್ಮ ಎನ್ನುವ ಹಾಗೆ, “ಮಾಶಿಮಾ, ನಿಮಗೊಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ” ಎಂದ. ಈ ಮಾತು ಹೇಳಿದವರ ಜೊತೆ ವಾದ ಮಾಡಿ ಗೆದ್ದವರನ್ನು ನಾನು ಈವರೆಗೆ ಕಂಡಿಲ್ಲ.

ಅತ್ತೆ ಮೆಟ್ಟಿಲ ಮೇಲೆ ಕೂತು ನನ್ನನ್ನು ಕೇಳಿದರು. “ಹೆಣೆ, ದೇವ್ರ್ ಇಲ್ಲೇ ಇತ್ತ್. ಕಾಂಬುಕೆ ಊರೆಲ್ಲ ಸುತ್ತಿ ಹೋಯ್ಕಾ?”

ಹೋಗಬೇಕಿತ್ತು. ಮರುವರ್ಷ ಹೋದೆವು. ಸಪ್ತಮಿಯ ಬೆಳಿಗ್ಗೆ ಎಂದರೆ ಜನ ಕಡಿಮೆ ಎಂದು ಯಾರೋ ಹೇಳಿದ್ದನ್ನು ನಂಬಿ, ದೊಡ್ಡ ರಸ್ತೆಗೆ ಸುತ್ತಿ ಹೋಗಿ ಸಾಲಿನಲ್ಲಿ ನಿಂತೆವು. ಅಲ್ಲಿ ಬಿದಿರನ್ನು ಹಾವಿನ ಹಾಗೆ ಮಡಚಿ ಮಡಚಿ ಕಟ್ಟಿದ್ದರು. ಒಮ್ಮೆ ಒಳಗೆ ಕಾಲಿಟ್ಟರೆ ಮುಂದೆ ಹೋಗಲೇಬೇಕು, ಪಕ್ಕಕ್ಕೆ ಬಾಗಿಲಿಲ್ಲ. ಹಗ್ಗ ಹಿಡಿದವರು ಒಂದು ಗುಂಪನ್ನು ಬಿಟ್ಟು ಮತ್ತೆ ಹಗ್ಗ ಎಳೆಯುತ್ತಿದ್ದರು. ಬಿಸಿಲು ಏರಿತು. ಅತ್ತೆಯ ಮಂಡಿ ಮೊದಲೇ ಕೈಕೊಟ್ಟಿತ್ತು, ಅರ್ಧ ದಾರಿಯಲ್ಲಿ ಪೂರ್ತಿ ಕೈಕೊಟ್ಟಿತು. ಅವರನ್ನು ಹೊರಗೆ ಕರೆದುಕೊಂಡು ಹೋಗಲು ಬೇರೆ ಉಪಾಯವಿಲ್ಲದೆ, ಆ ಬದಿ ಇಬ್ಬರು ಈ ಬದಿ ಇಬ್ಬರು ಹಿಡಿದು, ಬಿದಿರಿನ ಅಡಿಯಿಂದ ಬಗ್ಗಿಸಿ ದಾಟಿಸಿದರು. ಒಂದು ಬಿದಿರಲ್ಲ, ಸಾಲು ಸಾಲು ಬಿದಿರು. ಊರಿನಲ್ಲಿ ಅವರು ದೇವಸ್ಥಾನಕ್ಕೆ ಬಂದರೆ ಜನ ತಾವಾಗಿ ದಾರಿ ಬಿಡುತ್ತಿದ್ದರು. ಇಲ್ಲಿ ತಲೆಯ ಸೆರಗು ಜಾರಿ, ಮಂಡಿಗೆ ಮಣ್ಣು ಮೆತ್ತಿ, ಆಡಿನಂತೆ ಬೇಲಿ ನುಸುಳಿದರು. ನನಗೆ ಸಿಟ್ಟು ನೆತ್ತಿಗೇರಿತು, ಅಳುವೂ ಬಂತು.

“ಬ್ಯಾಡ, ಇನ್ನ್ ನಾ ಈ ಬಿದ್ರಿನೊಳಗೆ ಕಾಲ್ ಹಾಕುದಿಲ್ಲ” ಎಂದರು ಅತ್ತೆ.

ಬೇರೆ ಓಣಿಯಲ್ಲಿ ಜನವಿಲ್ಲದ ಸಣ್ಣ ಪೂಜೆಗಳಿವೆ, ಅಲ್ಲಿಗೆ ಹೋಗೋಣ ಎಂದೆ. ಬಾಗಿಲೆದುರಿನ ದೇವರನ್ನು ಬಿಟ್ಟು ಇನ್ನೊಂದು ಓಣಿಯ ದೇವರ ಹತ್ತಿರ ಹೋಗುವುದು ಅವರಿಗೆ ಸುತರಾಂ ಒಪ್ಪಿಗೆಯಿಲ್ಲ. ಅದರ ಬದಲು ಬಾಳೆನಾರಿನಲ್ಲಿ ದಾಸವಾಳ, ತುಳಸಿ ಸೇರಿಸಿ ಒತ್ತಾಗಿ ಮಾಲೆ ಕಟ್ಟಿ ಸ್ವಯಂಸೇವಕನ ಕೈಗೆ ಕೊಟ್ಟರು. ಅವನು ಭಕ್ತಿಯಿಂದ ಎರಡೂ ಕೈಯಲ್ಲಿ ಹಿಡಿದು, ಹೊರದಾರಿಯಿಂದಲೇ ಒಳಗೆ ನಡೆದ. ಅತ್ತೆ ಕಿಟಕಿಯಿಂದ ನೋಡುತ್ತಿದ್ದರು.

“ಮಾಲಿ ಈ ದಾರೀಲಿ ಹೋಪುಕ್ ಆತ್ತ್, ಮಾಲಿ ಕಟ್ಟಿದವ್ಳ್ ಹೋಪುಕಾಗ್ದಾ?”

ನಾನು ಅದನ್ನೇ ಯಜಮಾನರನ್ನು ಕೇಳಿದೆ. ಅವರ ಹತ್ತಿರ ಉತ್ತರ ಸಿದ್ಧವಿತ್ತು. “ಇಷ್ಟ್ ಜನರನ್ನು ಹೀಗೆ ಹಿಡ್ಕೊಂಡು ನಿಲ್ಸೂದು ಸಣ್ಣ ಕೆಲ್ಸ ಅಲ್ಲ ಮಾರಾಯ್ತಿ, ರೂಲ್ ಅಂದ್ರೆ ರೂಲ್” ಎಂದರು. ಕೌಂಟರಿನ ಮುಂದೆ ಸಾಲು ನೆಟ್ಟಗಿದ್ದರೆ ಸಾಕು, ಸಾಲಿನಲ್ಲಿ ಯಾರು ತಲೆತಿರುಗಿ ಬಿದ್ದರೂ ಅವರಿಗೆ ಕಾಣುವುದಿಲ್ಲ.

ಅದರ ಮರುವರ್ಷವೇ ಅತ್ತೆಗೆ ಕೊನೆಯ ಅವಕಾಶ. ದೀಪಾವಳಿಯೊಳಗೆ ಊರಿಗೆ, ಮಗಳ ಮನೆಗೆ ಹೊರಡುವುದೆಂದು ನಿಶ್ಚಯವಾಗಿತ್ತು. ಆ ಮಂಡಿ ಇಟ್ಟುಕೊಂಡು ಅಷ್ಟು ದೂರದ ರೈಲು ಪ್ರಯಾಣ ಮತ್ತೊಮ್ಮೆ ಆಗುವಂಥದ್ದಲ್ಲ ಎಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಬಿದಿರು ಬರುವ ಮೊದಲೇ ನಾನು ಪೂಜೆ ನಡೆಸುವ ಕ್ಲಬ್ಬಿನ ಕಾರ್ಯದರ್ಶಿಯ ಬೆನ್ನು ಬಿದ್ದೆ. ಎಲ್ಲರೂ ಅವನನ್ನು ದಾದಾ, ಅಂದರೆ ಅಣ್ಣ, ಎನ್ನುತ್ತಿದ್ದರು. ಪಾಡಾದಲ್ಲಿ ನಲ್ಲಿ ಕೆಟ್ಟರೂ ಅವನೇ, ಚುನಾವಣೆ ಬಂದರೂ ಅವನೇ. ಪೂಜೆಗೂ ಪಕ್ಷಕ್ಕೂ ಸಂಬಂಧವಿಲ್ಲ ಎಂದು ಹೇಳಿ, ಪೆಂಡಾಲಿನ ಪಕ್ಕದಲ್ಲೇ ಪಕ್ಷದ ಪುಸ್ತಕದಂಗಡಿ ಹಾಕಿಸುತ್ತಿದ್ದವನೂ ಅವನೇ. ಒಳ್ಳೆಯ ಮನುಷ್ಯ. ಅದೇ ತೊಂದರೆ. ಕೆಟ್ಟವನಾಗಿದ್ದರೆ ಬೈದು ಹಗುರವಾಗಬಹುದಿತ್ತು.

“ಬೌದಿ, ದಶಮಿಯ ದಿನ ಬನ್ನಿ” ಎಂದ ಅವನು. ಅತ್ತಿಗೆಯನ್ನು ಅವರು ಹಾಗೆ ಕರೆಯುತ್ತಾರೆ. “ಅವತ್ತು ಜನ ಇರುವುದಿಲ್ಲ. ಹೊರದಾರಿಯಿಂದಲೇ ಬಿಡಲು ಹೇಳಿರುತ್ತೇನೆ. ಮಾಶಿಮಾ ಎದುರಿಗೇ ನಿಂತು ನೋಡಲಿ.”

ಅತ್ತೆಗೆ ಹೇಳಿದಾಗ ಅವರ ಮುಖ ಅರಳಿತು. ದಶಮಿಯೆಂದರೆ ಇನ್ನೂ ಒಳ್ಳೆಯದೇ ಎಂದರು. ನಮ್ಮ ಕಡೆ ಶಾರದೆಯನ್ನು ಕೂರಿಸುವಲ್ಲಿ ದಶಮಿಯೇ ದೊಡ್ಡ ದಿನ. ಹಗಲಿಡೀ ಪೂಜೆ, ಮಂಗಳಾರತಿ, ಕತ್ತಲಾದ ಮೇಲೆ ಮೆರವಣಿಗೆ, ನೀರಿಗಿಳಿಸುವ ತನಕವೂ ಅವಳು ದೇವಿಯೇ. ಇಲ್ಲೂ ಹಾಗೆಯೇ ಎಂದು ನಾವು ಅಂದುಕೊಂಡೆವು. ಹಗಲೂ ಸಂಜೆಯೂ ಉಕ್ಕುವ ಈ ಜನ ದಶಮಿಯ ದಿನ ಮಾತ್ರ ಯಾಕೆ ಬರುವುದಿಲ್ಲ ಎಂದು ನನಗೆ ಹೊಳೆಯಲೇ ಇಲ್ಲ. ಅಲ್ಲಿಯವರಿಗೆ ಅದು ಎಷ್ಟು ಗೊತ್ತಿರುವ ಸಂಗತಿಯೆಂದರೆ, ನಮಗೆ ಹೇಳಬೇಕೆಂದು ದಾದಾನಿಗೂ ಹೊಳೆಯಲಿಲ್ಲ.

ಆ ಬೆಳಿಗ್ಗೆ ಅತ್ತೆ ಅವಸರ ಮಾಡಲಿಲ್ಲ. ಮಿಂದು, ಮನೆಯ ದೇವರ ಪೂಜೆ ಮುಗಿಸಿ, ಹಿಂದೆಂದಿಗಿಂತ ಉದ್ದದ ಮಾಲೆ ಕಟ್ಟಿ, ಬಾಳೆಲೆಯಲ್ಲಿ ಇಟ್ಟುಕೊಂಡರು. ಟ್ರಂಕಿನಿಂದ ಮಡಿಸಿಟ್ಟ ಸೀರೆ ತೆಗೆದು ಉಟ್ಟರು. ನಾವು ಬಾಗಿಲು ತೆರೆದಾಗ ಓಣಿ ಖಾಲಿ. ಬಿದಿರಿನ ನಡುವೆ ಒಂದು ನಾಯಿ ಮಲಗಿತ್ತು. ಹೊರದಾರಿಯ ಗಳದ ಹತ್ತಿರ ಬೇರೆ ಯಾವನೋ ಸ್ವಯಂಸೇವಕ. ಹಿಂದಿನ ದಿನಗಳಲ್ಲಿ ಇದ್ದವನು ನಿದ್ದೆಗೆಟ್ಟು ಮನೆಯಲ್ಲಿ ಮಲಗಿದ್ದನಂತೆ, ದಾದಾ ಕೂಡ ಮಲಗಿದ್ದನಂತೆ. ಇವನಿಗೆ ಯಾರೂ ಏನೂ ಹೇಳಿರಲಿಲ್ಲ.

“ಇದು ಹೊರದಾರಿ” ಎಂದ.

ಒಳಗೂ ಇಲ್ಲ ಹೊರಗೂ ಇಲ್ಲ, ನೋಡು, ಒಂದು ನರಪಿಳ್ಳೆಯಿಲ್ಲ ಎಂದೆ. ದಾದಾ ಹೇಳಿದ್ದಾನೆ ಎಂದೆ. ದಾದಾ ನನಗೆ ಹೇಳಿಲ್ಲ ಎಂದ. ದಾದಾನನ್ನು ಎಬ್ಬಿಸು ಎಂದೆ. ಗಳ ಬಿಟ್ಟು ಹೋಗುವ ಹಾಗಿಲ್ಲ ಎಂದ. ಯಜಮಾನರು ಕೂಡ, ರೂಲಿನ ಭಕ್ತರು, ಅವತ್ತು ದನಿ ಏರಿಸಿದರು. ಅವನು ಸೀಟಿ ಊದಿದ. ಖಾಲಿ ಓಣಿಯಲ್ಲಿ, ಮೂವರು ಮನುಷ್ಯರಿಗೆ ಮತ್ತು ಒಂದು ನಾಯಿಗೆ, ಸೀಟಿ ಊದಿದ. ನಾಯಿ ಎದ್ದು ಹೋಯಿತು.

“ಜಗಳ ಬ್ಯಾಡ. ಸುತ್ತಿಯೇ ಹೋಪ” ಎಂದರು ಅತ್ತೆ.

ಬಿದಿರಿನೊಳಗೆ ಕಾಲು ಹಾಕುವುದಿಲ್ಲ ಎಂದವರೇ ಹಾಗೆ ಹೇಳಿದರು. ಯಜಮಾನರು ಕೈರಿಕ್ಷಾ ಕರೆತಂದರು. ದೊಡ್ಡ ರಸ್ತೆಯವರೆಗೆ ಹೋಗಿ ಇಳಿದೆವು. ಅಲ್ಲಿ ಅದೇ ಮಡಚಿ ಕಟ್ಟಿದ ಬಿದಿರು, ಒಳಗೆ ಒಬ್ಬರೂ ಇಲ್ಲ. ಒಂದೆರಡು ಹುರಿ ಬಿಚ್ಚಿದ್ದರೆ ಸೀದಾ ಹೋಗಬಹುದಿತ್ತು. ಬಿಚ್ಚುವವರಿಲ್ಲ. ನುಸುಳುವುದು ಅತ್ತೆಗೆ ಬೇಡ. ಹಾಗಾಗಿ ನಾವು ಆ ಕಡೆ ಹೋಗಿ ತಿರುಗಿ, ಈ ಕಡೆ ಬಂದು ತಿರುಗಿ, ಇಲ್ಲದ ಜನರ ಹಿಂದೆ ಸಾಲು ಹಿಡಿದೆವು. ಅತ್ತೆ ಒಂದು ಕೈ ಬಿದಿರಿನ ಮೇಲೆ, ಒಂದು ಕೈಯಲ್ಲಿ ಬಾಳೆಲೆ. ಪ್ರತಿ ತಿರುವಿಗೂ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಒಳಗೆ ಶಂಖ ಊದಿದ್ದು ಕೇಳಿಸಿತು. ಡೋಲು ಜೋರಾಗಿ ಎದ್ದು, ಆಮೇಲೆ ನಿಂತುಹೋಯಿತು. ಮಂಗಳಾರತಿ ಆಯಿತೇನೋ, ಅಡ್ಡಿಯಿಲ್ಲ, ದರ್ಶನವಾದರೆ ಸಾಕು ಎಂದುಕೊಂಡು ಕೊನೆಯ ತಿರುವು ಮುಗಿಸಿದೆವು.

ಒಳಗೆ ಕಾಲಿಟ್ಟರೆ, ದೇವಿ ಎದುರಿಗೇ ಇದ್ದಳು. ಎಷ್ಟು ಎತ್ತರ, ಎಂಥ ಕಣ್ಣು! ಅತ್ತೆ ಬಾಳೆಲೆ ಬಿಡಿಸಿ ಮಾಲೆ ಕೈಗೆತ್ತಿಕೊಂಡರು. ಭಟ್ಟರು ಹಿತ್ತಾಳೆಯ ಪಾತ್ರೆಯ ನೀರಿನಿಂದ ಒಂದು ಕನ್ನಡಿಯನ್ನು ಎತ್ತಿ ಒರೆಸುತ್ತಿದ್ದರು. ಹತ್ತಿರವಿದ್ದ ಓಣಿಯ ಹಿರಿಯಾಕೆಯೊಬ್ಬರು ಕಣ್ಣೊರೆಸಿಕೊಂಡು ನಮ್ಮ ಕಡೆ ತಿರುಗಿ, “ಸ್ವಲ್ಪ ಮೊದಲು ಬರಬಾರದಿತ್ತೆ ಮಾಶಿಮಾ? ಈಗಷ್ಟೇ ಅಮ್ಮ ಹೊರಟುಹೋದಳು” ಎಂದರು. ದೇವಿಯ ಬಿಂಬ ಬಿದ್ದ ಕನ್ನಡಿಯನ್ನು ನೀರಿನಲ್ಲಿ ಮುಳುಗಿಸಿದರೆ ಅಲ್ಲಿಗೆ ವಿಸರ್ಜನೆ ಮುಗಿಯಿತು. ಸಂಜೆ ಹೊಳೆಗೆ ಹೋಗುವುದು ಬರೀ ಮಣ್ಣಿನ ಗೊಂಬೆ. ಜನ ಯಾಕೆ ಬರುವುದಿಲ್ಲ ಎಂಬುದು ನನಗೆ ಅಲ್ಲಿ ನಿಂತಾಗ ತಿಳಿಯಿತು.

ನಾನು ಅದನ್ನು ಕನ್ನಡದಲ್ಲಿ ಹೇಳುವ ಮೊದಲೇ ಅತ್ತೆಗೆ ಅರ್ಥವಾಗಿತ್ತು. ಎತ್ತಿದ ಕೈಯನ್ನು ನಿಧಾನವಾಗಿ ಇಳಿಸಿದರು. ಭಟ್ಟರು ಪಾಪ, ಕೊಡಿ ಅಮ್ಮಾ, ಪಾದಕ್ಕೆ ಹಾಕುತ್ತೇನೆ ಎಂದು ಕೈ ಚಾಚಿದರು. ಅತ್ತೆ ಕೊಡಲಿಲ್ಲ.

“ದೇವ್ರನ್ ಕಳ್ಸಿದ್ ಮೇಲೆ ನಮ್ಮನ್ ಬಿಟ್ರ್, ಕಾಣ್” ಎಂದು ನನಗೆ ಹೇಳಿ ಹೊರಟರು.

ಹೊರಗೆ ಹೋಗಲು ಹೊರದಾರಿಯಲ್ಲಿ ನಮಗೆ ಅಡ್ಡಿಯಿರಲಿಲ್ಲ. ನೆಟ್ಟಗೆ ಓಣಿ ಇಳಿದರೆ ಮನೆ. ಸ್ವಯಂಸೇವಕ ನಮ್ಮನ್ನು ಕಂಡು ತುಂಬ ಮರ್ಯಾದೆಯಿಂದ ಪಕ್ಕಕ್ಕೆ ಸರಿದ. ಅತ್ತೆ ಅವನ ಎದುರು ನಿಂತರು. ಬೈಯುತ್ತಾರೆ ಎಂದುಕೊಂಡೆ, ಬೈದರೆ ನಾನೂ ಸೇರಿಕೊಳ್ಳಬೇಕೆಂದು ಸಿದ್ಧಳಾದೆ. ಅವರು ಕೈಯಲ್ಲಿದ್ದ ಮಾಲೆಯನ್ನು ಹೊರದಾರಿಯ ಗಳಕ್ಕೆ ಎರಡು ಸುತ್ತು ಹಾಕಿ, ನಾರಿನ ತುದಿಯನ್ನು ಅಚ್ಚುಕಟ್ಟಾಗಿ ಗಂಟು ಹಾಕಿದರು.

“ಅತ್ತೆ, ಎಂಥ ಮಾಡ್ತಿದ್ರಿ?” ಎಂದೆ.

“ಇಷ್ಟ್ ವರ್ಷ ಇಲ್ಲಿ ಗಟ್ಟಿ ನಿಂತದ್ದ್ ಇದೊಂದೇ ಅಲ್ದಾ? ಇದ್ಕೇ ಇರ್ಲಿ.”

ಸಂಜೆ ಗೊಂಬೆಯನ್ನು ಲಾರಿಗೆ ಏರಿಸಿಕೊಂಡು ಹೋದರು. ಮರುದಿನ ಡೆಕೊರೇಟರ್‌ನ ಆಳುಗಳು ಬಂದು ಹುರಿ ಕೊಯ್ದು ಬಿದಿರೆಲ್ಲ ಕಿತ್ತರು. ನಮ್ಮ ಬಾಗಿಲಿನ ಹತ್ತಿರ ಬಂದವರು ಮಾಲೆ ಕಂಡು ನಿಂತರು. ತಮ್ಮತಮ್ಮಲ್ಲೇ ಏನೋ ಮಾತಾಡಿಕೊಂಡರು. ಒಬ್ಬ ಗಳವನ್ನು ಮುಟ್ಟಿ ಹಣೆಗೆ ಕೈ ಒತ್ತಿಕೊಂಡ. ಪೂಜೆ ಮಾಡಿದ್ದನ್ನು ಕೀಳುವುದು ಹೇಗೆ ಎಂದು ಆ ಒಂದನ್ನು ಹಾಗೆಯೇ ಬಿಟ್ಟು ಲಾರಿ ಹತ್ತಿದರು. ಓಣಿಯಲ್ಲಿ ಬೇರೆಲ್ಲ ಬೇಲಿ ಹೋಗಿ ನಮ್ಮ ಮೆಟ್ಟಿಲಿನ ಎದುರಿನ ಗಳ ಮಾತ್ರ ಉಳಿಯಿತು, ಹೊರದಾರಿ ಎಂಬ ಹಲಗೆಯ ಸಮೇತ. ಯಾರು ಶುರುಮಾಡಿದರೋ ಗೊತ್ತಿಲ್ಲ, ಮುಂದಿನ ಹುಣ್ಣಿಮೆಗೆ ಅಲ್ಲಿ ಮಾಡುವ ಲಕ್ಷ್ಮೀಪೂಜೆಯ ಹೊತ್ತಿಗೆ ಅದಕ್ಕೆ ಕುಂಕುಮವೂ ಬಿದ್ದಿತ್ತು. ದಾದಾನಿಗೆ ಹೇಳಿದೆ. ನೋಡೋಣ ಬೌದಿ ಎಂದ.

ಅತ್ತೆ ಊರಿಗೆ ಹೊರಟ ದಿನ ಟ್ಯಾಕ್ಸಿ ಬಾಗಿಲವರೆಗೆ ಬರಲಾಗಲಿಲ್ಲ, ಗಳ ಅಡ್ಡವಿತ್ತು. ಅತ್ತೆ ನನ್ನ ತೋಳು ಹಿಡಿದುಕೊಂಡು, ಬಾಡಿದ ಮಾಲೆಯನ್ನೊಮ್ಮೆ ನೋಡಿ, ಗಳವನ್ನು ಸುತ್ತಿಕೊಂಡೇ ಟ್ಯಾಕ್ಸಿಗೆ ನಡೆದರು.