ಅಲುಗಾಡದ ಅಂಕಿ

ತೇನ್ಮೊಳಿಗೆ ಮನುಷ್ಯರ ಜೊತೆ ಮಾತು ಹೊರಡುತ್ತಿರಲಿಲ್ಲ. ಮದುವೆಮನೆಗೆ ಹೋದರೆ ಎಲೆಯ ಮುಂದೆ ಕೂತು ಉಪ್ಪಿನಕಾಯಿಯನ್ನೇ ದಿಟ್ಟಿಸುತ್ತಿದ್ದಳು. ಫೋನು ಬಂದರೆ ಅದು ತಾನಾಗಿ ನಿಲ್ಲುವ ತನಕ ಕಾದು, ಆಮೇಲೆ ಎರಡು ಸಾಲು ಮೆಸೇಜು ಕಳಿಸುತ್ತಿದ್ದಳು. ಅಂಥವಳ ಕಸುಬು ಮಾತಾಡಿಸುವುದೇ ಆಗಿತ್ತು ಎಂಬುದು ಅವಳಿಗೇ ನಗು ತರಿಸುವ ಸಂಗತಿ.

ಕೊಯಮತ್ತೂರಿನ ಗಣಪತಿ ಎಂಬ ಬಡಾವಣೆಯಲ್ಲಿ, ಪಂಪುಗಳ ಲೇತುಗಳು ದಿನವಿಡೀ ಕಿರುಗುಟ್ಟುವ ಗಲ್ಲಿಯೊಂದರ ಮಹಡಿಯ ಮೇಲೆ ಅವಳದು ಒಂದೇ ಕೋಣೆಯ ಅಂಗಡಿ. ಡಿಪ್ಲೊಮಾ ಮುಗಿಸಿ ಹದಿನಾಲ್ಕು ವರ್ಷ ಪಂಪಿನ ಸ್ಟಾರ್ಟರ್ ಮಾಡುವ ಕಾರ್ಖಾನೆಯಲ್ಲಿ ದುಡಿದು, ಮೂವತ್ತೈದರ ಮೇಲೆ ಧೈರ್ಯ ಮಾಡಿ ಹಾಕಿದ ಅಂಗಡಿ. ಉಗುರಿನಗಲದ ಕರಿ ಚಿಪ್ ಒಂದನ್ನು ಬೋರ್ಡಿನ ಮೇಲೆ ಕೂರಿಸಿ, ಅದು ಉಳಿದ ಚಿಪ್‌ಗಳನ್ನೂ ಸೆನ್ಸರ್‌ಗಳನ್ನೂ ಮಾತಾಡಿಸುವಂತೆ ಪ್ರೋಗ್ರಾಮ್ ಬರೆದುಕೊಡುವುದು ಅವಳ ಕೆಲಸ. ಎರಡೇ ತಂತಿ. ಒಂದು ತಾಳ ಹಾಕುತ್ತದೆ, ಇನ್ನೊಂದು ಮಾತು ಸಾಗಿಸುತ್ತದೆ. ಆ ಎರಡು ತಂತಿಯ ಮೇಲೆ ನಾಲ್ಕಾರು ಜನ ಕೂತಿರುತ್ತಾರೆ, ಒಬ್ಬೊಬ್ಬರಿಗೆ ಒಂದೊಂದು ನಂಬರು. ಕರಿ ಚಿಪ್ ನಂಬರು ಕೂಗುತ್ತದೆ. ಆ ನಂಬರಿನವನು ಮಾತ್ರ ಹೂಂಗುಟ್ಟಿ ಲೆಕ್ಕ ಒಪ್ಪಿಸಬೇಕು, ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು. ತನ್ನ ಅತ್ತೆಮನೆಯಲ್ಲಿ ಇಂಥ ಶಿಸ್ತು ಇದ್ದಿದ್ದರೆ ತಾನೂ ನಾಲ್ಕು ಮಾತಾಡುತ್ತಿದ್ದೆನೇನೋ ಎಂದು ಅವಳು ಅಂದುಕೊಳ್ಳುವುದಿತ್ತು.

ಅಂಗಡಿ ಶುರುವಾದ ಹೊಸತರಲ್ಲಿ ಬಣ್ಣದ ಮೀನು ಸಾಕುವವನೊಬ್ಬ ಬೋರ್ಡು ವಾಪಸು ತಂದಿದ್ದ. ನೀರಿನ ಸೆನ್ಸರ್ ಒಮ್ಮೆ ಹೂಂಗುಟ್ಟದೆ ಪರದೆಯ ಮೇಲೆ ‘ಎರರ್’ ಮಿಂಚಿಹೋಗಿತ್ತು. ತಂತಿ ಸಡಿಲ ಎಂದು ಹೇಳಿದರೆ ಮುಗಿಯುತ್ತಿತ್ತು. ಆದರೆ ಹೇಳಬೇಕಾದದ್ದು ಬಾಯಲ್ಲಿ. ತೇನ್ಮೊಳಿ ಅದರ ಬದಲು ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸಿದಳು: ಉತ್ತರ ಬರದಿದ್ದರೆ ಹಿಂದಿನ ಅಂಕಿಯನ್ನೇ ತೋರಿಸು. ಅಂದಿನಿಂದ ಒಂದು ಬೋರ್ಡೂ ವಾಪಸು ಬರಲಿಲ್ಲ. ತಾನು ಬರೆದ ಅತಿ ಜಾಣ ಸಾಲು ಅದೇ ಎಂದು ಎರಡು ವರ್ಷ ಬೀಗಿದಳು.

ಆ ಮೇಲೆ ಬಂದವಳು ಪಾವಾಯಕ್ಕ. ಅಣ್ಣೂರಿನ ಆಚೆಯ ತೋಟದವಳು, ಅರವತ್ತು ದಾಟಿದವಳು. ಮಡಿಲಲ್ಲಿ ಭತ್ತದ ಹೊಟ್ಟು ತುಂಬಿದ ಬುಟ್ಟಿ, ಹೊಟ್ಟಿನಲ್ಲಿ ಮೂವತ್ನಾಲ್ಕು ಮೊಟ್ಟೆ.

“ನಾಯಿಗಳು ಕೋಳಿಗೂಡಿಗೆ ನುಗ್ಗಿಬಿಟ್ವು ಕಣ್ಣೂ. ಒಂದೇ ಮಧ್ಯಾಹ್ನ, ಒಂದೂ ಉಳೀಲಿಲ್ಲ. ನಾನು ಮದುವೆ ಆಗಿ ಬರೋವಾಗ ನಮ್ಮಮ್ಮ ಕೊಟ್ಟ ಹೇಂಟೆಯ ಸಂತಾನ ಅದು. ಇವಿಷ್ಟೇ ಉಳಿದಿರೋದು.”

“ಪಕ್ಕದವರ ಕೋಳಿ ಕಾವಿಗೆ ಕೂರಲ್ವಾ?” ಎಂದಳು ತೇನ್ಮೊಳಿ ಬುಟ್ಟಿಯನ್ನೇ ನೋಡುತ್ತ.

“ಅವರದೆಲ್ಲ ಫಾರ್ಮ್ ಕೋಳಿ. ಅವಕ್ಕೆ ಕಾವು ಕೂರೋದೇ ಮರೆತುಹೋಗಿದೆ. ನೀನೇ ಒಂದು ಕೋಳಿ ಮಾಡಿಕೊಡು.”

ತೇನ್ಮೊಳಿ ಎರಡು ದಿನದಲ್ಲಿ ಕಾವುಪೆಟ್ಟಿಗೆ ಮಾಡಿದಳು. ಒಳಗೆ ಬಿಸಿಗೆ ಬಲ್ಬು, ಗಂಟೆಗೊಮ್ಮೆ ತಟ್ಟೆ ವಾಲಿಸುವ ಪುಟ್ಟ ಮೋಟಾರು, ಬಿಸಿ ಅಳೆಯುವ ಸೆನ್ಸರ್. ಮೂವತ್ತೇಳೂವರೆ ಡಿಗ್ರಿಗಿಂತ ಇಳಿದರೆ ಬಲ್ಬು ಹತ್ತಬೇಕು, ಏರಿದರೆ ಆರಬೇಕು. ತಂತಿಗಳನ್ನು ಅಳತೆಗೆ ಸರಿಯಾಗಿ ಕತ್ತರಿಸಿ, ಹೆಣ್ಣುಮಗುವಿಗೆ ಜಡೆ ಹಾಕಿದ ಹಾಗೆ ಬಿಗಿದು ಕಟ್ಟಿದಳು. ಆ ಕಟ್ಟಿನ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದಳು. ನಲವತ್ತೊಂದು ಜನ ನೋಡಿದರು. ಯಾರು ಯಾರೆಂದು ಅವಳು ಎರಡು ಸಲ ನೋಡಿದಳು.

ತೋಟಕ್ಕೆ ಒಯ್ದ ಪೆಟ್ಟಿಗೆಯಲ್ಲಿ ಮೊಟ್ಟೆ ಇಟ್ಟ ಹನ್ನೆರಡನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಪಾವಾಯಕ್ಕನ ಫೋನು. ಎತ್ತದೆ ಬಿಟ್ಟರೆ ಆಯಮ್ಮ ಬಸ್ಸು ಹತ್ತಿ ಬಂದಾಳೆಂದು ತೇನ್ಮೊಳಿ ಎತ್ತಿದಳು.

“ಎಂಥಾ ಪೆಟ್ಟಿಗೆ ಮಾಡಿದೀಯ ಸಾಮಿ! ಬಾಗಿಲು ತೆಗೆದಿಟ್ಟು ಮರೆತೇಬಿಟ್ಟಿದ್ದೆ, ಕಾಫಿ ಕುಡಿದು ಬಂದು ನೋಡ್ತೀನಿ, ಅದೇ ಮೂವತ್ತೇಳು ಪಾಯಿಂಟ್ ಏಳು! ಒಂದು ಚುಕ್ಕಿ ಇಳಿದಿಲ್ಲ!”

ಯಾರಾದರೂ ಹೊಗಳಿ ಎಷ್ಟು ದಿನವಾಗಿತ್ತೋ. ತೇನ್ಮೊಳಿ ಮೆಟ್ಟಿಲಿಳಿದು ಹೋಗಿ, ಕೆಳಗೆ ಮೋಟಾರಿಗೆ ಕಾಯಿಲ್ ಸುತ್ತುವ ನಲ್ಲತಂಬಿ ಅಣ್ಣನಿಗೆ ಹೇಳಿದಳು. ಅವನು ಸುತ್ತುವುದನ್ನು ನಿಲ್ಲಿಸಲಿಲ್ಲ.

“ಬಾಗಿಲು ತೆಗೆದಿದ್ರೂ ಇಳೀಲಿಲ್ವಾ ಅಮ್ಮಣಿ?”

“ಒಂದು ಚುಕ್ಕೀನೂ ಇಲ್ಲಣ್ಣ.”

“ಅದೇನು ಅಂಕೀನೋ, ಕ್ಯಾಲೆಂಡರಿನ ಮುರುಗನ ಫೋಟೋನೋ?”

ತೇನ್ಮೊಳಿಯ ನಗು ಮುಖದಲ್ಲೇ ಉಳಿಯಿತು. ಬಿಸಿ ಎಂಬುದು ಉಸಿರಿಗೂ ಅಲುಗಾಡುವ ಪದಾರ್ಥ. ಅಲುಗಾಡುತ್ತಿಲ್ಲವೆಂದರೆ ಅದು ಬಿಸಿಯ ಅಂಕಿಯಲ್ಲ, ತನ್ನ ಜಾಣ ಸಾಲಿನ ಅಂಕಿ. ಸೆನ್ಸರ್ ಯಾವಾಗಲೋ ಬಾಯಿ ಮುಚ್ಚಿದೆ. ಬೋರ್ಡು ಹಳೆಯದನ್ನೇ ತೋರಿಸುತ್ತ, ಬೇಕಾದಷ್ಟು ಬಿಸಿಯಿದೆ ಎಂದುಕೊಂಡು, ಬಲ್ಬು ಆರಿಸಿ ಕೂತಿದೆ.

ತಾನಾಗಿ ಫೋನು ಮಾಡಿದಳು. “ಅಕ್ಕ, ಬಲ್ಬು ಉರೀತಿದೆಯಾ?”

“ಇಲ್ಲ ಕಣ್ಣೂ. ಬೆಳಿಗ್ಗೆ ಎದ್ದಾಗಿಂದ ಉರಿದಿಲ್ಲ. ಕರೆಂಟು ಉಳೀತು ಅಂತ ಸುಮ್ಮನಿದ್ದೆ.”

“ಮೊಟ್ಟೆ ಮುಟ್ಟಿ ನೋಡಿ.”

ಹೆಜ್ಜೆ ಸಪ್ಪಳ ಹೋಯಿತು, ಬಂತು. “ಬೆಚ್ಚಗಿಲ್ಲವಲ್ಲ!” ದನಿಯಲ್ಲಿದ್ದ ನಗು ಹೋಗಿತ್ತು. “ನೆರಳಲ್ಲಿರೋ ಗೋಡೆ ಥರ ಇದೆ. ಸತ್ತುಹೋದ್ವಾ?”

ತೇನ್ಮೊಳಿಗೆ ಗೊತ್ತಿರಲಿಲ್ಲ. ಹಾಗೆಂದು ಹೇಳುವ ಬದಲು, ಫೋನಿನಲ್ಲೇ ಸ್ವಿಚ್ಚು ಆರಿಸಲು ಹೇಳಿ, ಬಲ್ಬಿನ ಪ್ಲಗ್ಗನ್ನು ಬೋರ್ಡಿನಿಂದ ಕೀಳಿಸಿ, ನೇರ ಗೋಡೆಯ ಸಾಕೆಟ್ಟಿಗೆ ಹಾಕಿಸಿದಳು. ಮೊಮ್ಮಗುವಿಗೆ ಜ್ವರ ನೋಡುವ ಕಡ್ಡಿಯನ್ನು ಮೊಟ್ಟೆಗಳ ನಡುವೆ ಇಡಿಸಿದಳು.

“ಅಂಕೀನೇ ಬರ್ತಿಲ್ಲ, ಏನೋ ಎರಡು ಇಂಗ್ಲಿಷ್ ಅಕ್ಷರ ಬರ್ತಿದೆ.”

ತನ್ನ ಅಳತೆಗೆ ಎಟುಕದಷ್ಟು ತಣ್ಣಗಿದೆ ಎಂದು ಕಡ್ಡಿ ಹೇಳುತ್ತಿತ್ತು. ಔಷಧಿ ಅಂಗಡಿಯ ಮೂಲೆಯಲ್ಲಿ ನೇತಾಡುವ ಕಡ್ಡಿಗೆ ಇರುವ ಮರ್ಯಾದೆ ತನ್ನ ಬೋರ್ಡಿಗೆ ಇಲ್ಲವೆಂದು ತೇನ್ಮೊಳಿಗೆ ಅನಿಸಿತು.

“ಕಾಯಿರಿ ಅಕ್ಕ. ಜ್ವರದ ಲೆಕ್ಕದಲ್ಲಿ ನೂರು ದಾಟಿದ್ರೆ ಬಲ್ಬು ಆರಿಸಿ, ತೊಂಬತ್ತೊಂಬತ್ತಕ್ಕೆ ಇಳಿದ್ರೆ ಹಾಕಿ. ಆಗಾಗ ನೋಡ್ತಿರಿ. ನಾನು ಹೊರಟೆ.”

ಗಾಂಧಿಪುರದಿಂದ ಅಣ್ಣೂರಿನ ಬಸ್ಸಿನಲ್ಲಿ ಅವಳು ಹತ್ತು ನಿಮಿಷಕ್ಕೊಮ್ಮೆ ಫೋನು ಮಾಡಿದಳು. ಪಕ್ಕದಲ್ಲಿ ಕೂತ ಹೆಂಗಸು, ಯಾರದೋ ಮಗುವಿಗೆ ವಿಪರೀತ ಜ್ವರವೆಂದು ತಿಳಿದು ಕರುಮಾರಿಯಮ್ಮನಿಗೆ ಕೈಮುಗಿದಳು.

“ಎಷ್ಟಕ್ಕ?”

“ತೊಂಬತ್ತಾರು.”

“ಈಗ?”

“ತೊಂಬತ್ತೊಂಬತ್ತೂವರೆ.”

“ಈಗ?”

“ನೋಡಿಲ್ಲ ಕಣ್ಣೂ. ಕರು ಬಿಚ್ಚಿಕೊಂಡಿತ್ತು, ಹಿಡಿಯೋಕೆ ಹೋಗಿದ್ದೆ. ಇರು, ನೋಡಿ ಹೇಳ್ತೀನಿ.”

ಆ ಉತ್ತರ ತೇನ್ಮೊಳಿಯ ಕಿವಿಯಲ್ಲಿ ತೋಟ ಮುಟ್ಟುವ ತನಕ ಕೂತಿತ್ತು.

ಹೋಗಿ ನೋಡಿದರೆ ಪಾವಾಯಕ್ಕ ಮುಕ್ಕಾಲಿ ಹಾಕಿಕೊಂಡು, ಒಂದು ಕೈ ಸ್ವಿಚ್ಚಿನ ಮೇಲೆ, ಇನ್ನೊಂದರಲ್ಲಿ ಸೀಮೆಸುಣ್ಣ ಹಿಡಿದು ಕೂತಿದ್ದಳು. ಗೋಡೆಯ ಮೇಲೆ ಹೊತ್ತು, ಪಕ್ಕದಲ್ಲಿ ಅಂಕಿ. ಕರು ಹಿಡಿಯಲು ಹೋದ ಹೊತ್ತಿನ ಎದುರು ಬರೀ ಒಂದು ಅಡ್ಡಗೆರೆ. ತಾನು ಎರಡು ದಿನ ಕೂತು ಬರೆದ ಪ್ರೋಗ್ರಾಮನ್ನು ಈಯಮ್ಮ ಒಂದು ಸೀಮೆಸುಣ್ಣದಲ್ಲಿ, ಅದೂ ತಪ್ಪಿಲ್ಲದೆ, ಬರೆದಿದ್ದಾಳೆ.

ಪೆಟ್ಟಿಗೆ ಬಿಚ್ಚಿದಾಗ ಕಾರಣ ಕಣ್ಣೆದುರೇ ಇತ್ತು. ನಲವತ್ತೊಂದು ಜನ ನೋಡಿದ ಆ ಬಿಗಿ ಜಡೆ. ತಟ್ಟೆ ವಾಲಿದಾಗೆಲ್ಲ ಗಿಡ್ಡ ತಂತಿ ಎಳೆದು ಎಳೆದು ಸೆನ್ಸರಿನ ಬುಡದಲ್ಲಿ ಬೆಸುಗೆ ಬಿಟ್ಟಿತ್ತು. ತೇನ್ಮೊಳಿ ಉದ್ದನೆಯ ತಂತಿ ಬೆಸೆದು, ನೋಡಲು ಅಸಹ್ಯವಾದ ಒಂದು ಸಡಿಲ ಸುತ್ತು ಬಿಟ್ಟಳು. ಆಮೇಲೆ ಹಗ್ಗದ ಮಂಚದ ಮೇಲೆ ಲ್ಯಾಪ್‌ಟಾಪು ತೆರೆದು ಆ ಸಾಲನ್ನು ಹುಡುಕಿದಳು.

“ಅದು ಏನು ಹೇಳ್ತಿತ್ತು, ಇಷ್ಟು ಹೊತ್ತು?” ಪಾವಾಯಕ್ಕ ಕೇಳಿದಳು.

“ಹಳೇದನ್ನೇ ಹೇಳ್ತಿತ್ತಕ್ಕ.”

“ಒಳಗೆ ನೋಡದೇನೇ?”

“ನೋಡದೇನೇ. ನಾನೇ ಹಾಗೆ ಬರೆದಿದ್ದೆ.”

ಪಾವಾಯಕ್ಕ ಸೀಮೆಸುಣ್ಣ ಕೆಳಗಿಟ್ಟಳು. “ಥೇಟ್ ನನ್ನ ಗಂಡ. ಹಸುಗೆ ನೀರು ಕುಡಿಸಿದ್ರಾ ಅಂದ್ರೆ, ಮಲಗಿದಲ್ಲಿಂದಲೇ ಹೂಂ ಅಂತಿದ್ದ.” ನಕ್ಕಳು, ಆದರೆ ಅರ್ಧಕ್ಕೇ ನಿಲ್ಲಿಸಿ ಮೊಟ್ಟೆಗಳ ಕಡೆ ನೋಡಿದಳು. “ನಿಜ ಹೇಳು. ಬದುಕಿದಾವಾ?”

“ಗೊತ್ತಿಲ್ಲಕ್ಕ,” ಎಂದಳು ತೇನ್ಮೊಳಿ.

ಆ ಸಾಲು ಅಳಿಸಿದ ಜಾಗದಲ್ಲಿ ಬೇರೆಯದು ಬರೆದಳು: ಉತ್ತರ ಬರದಿದ್ದರೆ ಗಂಟೆ ಬಾರಿಸು, ಪರದೆಯ ಮೇಲೆ ಗೊತ್ತಿಲ್ಲ ಎಂದು ತೋರಿಸು.

“ತನಗೆ ಗೊತ್ತಿಲ್ಲ ಅನ್ನೋ ಮೆಷಿನ್ನು ಯಾರಿಗೆ ಬೇಕು ಅಮ್ಮಣಿ?” ಎಂದ ನಲ್ಲತಂಬಿ, ಮರುದಿನ.

ಅವಳು ಗಿರಾಕಿಗಳ ಪಟ್ಟಿ ಹಿಡಿದು ಕೂತಿದ್ದಳು. ಜಾಣ ಸಾಲು ಹೊತ್ತ ಬೋರ್ಡುಗಳು ಊರೆಲ್ಲ ಇದ್ದವು. ಒಬ್ಬೊಬ್ಬರಿಗೂ ಫೋನು ಮಾಡಿ, ತಪ್ಪು ನನ್ನದು, ತಂದುಕೊಡಿ ಎನ್ನಬೇಕಿತ್ತು. ಮೊದಲನೆಯ ಫೋನಿಗೆ ಮುಂಚೆ ಮೂರು ಲೋಟ ನೀರು ಕುಡಿದಳು. ಮೀನು ಸಾಕುವವನು ಸಮಾಧಾನವಾಗಿ ಎಲ್ಲ ಕೇಳಿ, “ಅಲ್ರೀ, ನಿಮ್ಮ ದನಿ ಹೀಗಿದೆಯಾ?” ಎಂದ.

ಮೊಟ್ಟೆ ಒಡೆದು ಮರಿ ಬರಬೇಕಾದ ಇಪ್ಪತ್ತೊಂದನೆಯ ದಿನ ಪಾವಾಯಕ್ಕನಿಂದ ಫೋನಿಲ್ಲ. ತೇನ್ಮೊಳಿ ನಂಬರು ತೆಗೆಯುವುದು, ಇಡುವುದು. ತಣ್ಣಗಾದ ಮೊಟ್ಟೆ ಒಂದು ದಿನ ತಡ ಮಾಡಬಹುದು ಎಂದು ಎಲ್ಲೋ ಓದಿದ್ದಳು. ಎಲ್ಲೋ ಓದಿದ್ದನ್ನು ಅಂಕಿಯೆಂದು ನಂಬುವ ಧೈರ್ಯ ಈಗ ಅವಳಿಗಿರಲಿಲ್ಲ.

ಇಪ್ಪತ್ತೆರಡನೆಯ ದಿನ ಮಧ್ಯಾಹ್ನ ಫೋನು ಬಂತು. ಮೊದಲ ಗಂಟೆಗೇ ಎತ್ತಿದಳು. ಆ ಕಡೆ ಮಾತಿಲ್ಲ. ಮಳೆಹನಿ ತಗಡಿನ ಮೇಲೆ ಬಿದ್ದಂಥ ಸಣ್ಣ ಸಣ್ಣ ಸದ್ದು, ಒಂದರ ಮೇಲೊಂದು, ತಾಳವಿಲ್ಲದೆ, ಎಲ್ಲರೂ ಒಟ್ಟಿಗೆ. ಅವಳ ಎರಡು ತಂತಿಯ ಶಿಸ್ತು ಅಲ್ಲಿ ಯಾರಿಗೂ ಇರಲಿಲ್ಲ.

“ಎಷ್ಟಕ್ಕ?”

“ಎಣಿಸಿಲ್ಲ ಕಣ್ಣೂ. ಇರು, ನೋಡಿ ಹೇಳ್ತೀನಿ.”

ತೇನ್ಮೊಳಿ ಫೋನು ಕಿವಿಗೊತ್ತಿಕೊಂಡು ಕಾದಳು.

“ಹತ್ತೊಂಬತ್ತು. ಇನ್ನೊಂದು ಕೊಕ್ಕು ಹೊರಗೆ ಹಾಕಿದೆ. ಅದು ಪೂರ್ತಿ ಬರಲಿ, ಆಮೇಲೆ ಹೇಳ್ತೀನಿ.”